ಪೆಟ್ರೋಲ್ ಇತ್ತು, ಬಂಕ್ ಖಾಲಿ: 2021ರ ಬ್ರಿಟನ್ ಇಂಧನ ಬಿಕ್ಕಟ್ಟಿನ ಲೆಕ್ಕ

ಸಪ್ಲೈ ಚೈನ್ ಪೇಪರಿಗೆ ಓದುವಾಗ ಈ ಪ್ರಕರಣ ನನ್ನನ್ನು ಎರಡು ದಿನ ಹಿಡಿದು ಕೂರಿಸಿತು. ನಿನ್ನೆ ರಾತ್ರಿ ಲೆಕ್ಕ ಬಿಡಿಸಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಇದೇ ಜಾಗದಲ್ಲಿ ಸಿಕ್ಕಿಕೊಂಡವರಿಗೂ ಉಪಯೋಗಕ್ಕೆ ಬರಬಹುದು.

ನಡೆದದ್ದು ಇಷ್ಟು. 2021ರ ಸೆಪ್ಟೆಂಬರ್ 23, ಗುರುವಾರ. ಲಾರಿ ಡ್ರೈವರ್‌ಗಳು ಸಾಲದೆ ಕೆಲವು ಬಂಕ್‌ಗಳನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಗಿದೆ ಎಂದು ಬಿಪಿ ಎಂಬ ತೈಲ ಕಂಪನಿ ಹೇಳಿತು. ಬ್ರಿಟನ್ನಿನಲ್ಲಿ ಬಿಪಿ ಹೆಸರಿನ ಬಂಕ್‌ಗಳು ಸುಮಾರು 1,200 ಇದ್ದವು. ಮುಚ್ಚಿದ್ದು ಬೆರಳೆಣಿಕೆಯಷ್ಟು. ಮಾರನೇ ದಿನವೇ ಊರೂರಲ್ಲಿ ಕ್ಯೂ ಶುರುವಾಯಿತು. ಶನಿವಾರದ ಹೊತ್ತಿಗೆ ಬಂಕ್ ಟ್ಯಾಂಕ್‌ಗಳ ಸರಾಸರಿ ಮಟ್ಟ ಶೇ. 15ರ ಆಸುಪಾಸಿಗೆ ಇಳಿದಿತ್ತು. ಭಾನುವಾರ ಪೆಟ್ರೋಲ್ ರೀಟೇಲರ್ಸ್ ಅಸೋಸಿಯೇಷನ್, ಕೆಲವು ಪ್ರದೇಶಗಳಲ್ಲಿ ತನ್ನ ಸದಸ್ಯರ ಬಂಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಂಕ್‌ಗಳು ಒಣಗಿವೆ ಎಂದಿತು. ಇಷ್ಟಾದರೂ ಸರ್ಕಾರ ಇಂಧನಕ್ಕೆ ಕೊರತೆ ಇಲ್ಲ ಎಂದು ಹೇಳುತ್ತಲೇ ಇತ್ತು. ಅದು ನಿಜವೂ ಆಗಿತ್ತು. ರಿಫೈನರಿಯಲ್ಲಿ, ಡಿಪೋದಲ್ಲಿ ಬೇಕಾದಷ್ಟು ಇತ್ತು.

ನಾನು ಎಡವಿದ್ದು ಇಲ್ಲೇ. ಜನ ಆ ವಾರ ಜಾಸ್ತಿ ಗಾಡಿ ಓಡಿಸಲಿಲ್ಲ. ರಿಫೈನರಿ ನಿಲ್ಲಲಿಲ್ಲ. ಲಾರಿಗಳು ತುಸು ಕಡಿಮೆ, ಅಷ್ಟೇ. ಹಾಗಾದರೆ ಪೆಟ್ರೋಲ್ ಹೋಯಿತೆಲ್ಲಿಗೆ?

‘ಜನ ಗಾಬರಿಯಾಗಿ ಕೊಂಡರು’ ಎಂದು ಎಲ್ಲರೂ ಬರೆದು ಮುಂದೆ ಹೋಗುತ್ತಾರೆ. ಅದು ಹೆಸರು ಮಾತ್ರ. ನನಗೆ ಲೀಟರ್ ಲೆಕ್ಕ ಬೇಕಿತ್ತು.

ಅಳತೆ ಕೋಲು

ನಮ್ಮ ಮನೆ ಹತ್ತಿರದ ಬಂಕಿಗೆ ಹೋಗಿ ಕೇಳಿದೆ. ಅಲ್ಲಿಯ ಮ್ಯಾನೇಜರ್ ನೆಲದ ಮುಚ್ಚಳ ತೆಗೆದು, ಗುರುತು ಹಾಕಿದ ಉದ್ದನೆಯ ಕೋಲನ್ನು ಒಳಗೆ ಇಳಿಸಿದರು. ತಳ ಮುಟ್ಟಿದ ಶಬ್ದ ಬಂತು. ಮೇಲೆ ಎಳೆದಾಗ ಒದ್ದೆಯಾಗಿದ್ದದ್ದು ಅರ್ಧಕ್ಕಿಂತ ಕೆಳಗೆ. ಪೆಟ್ರೋಲ್ ಬೇಗ ಆರುತ್ತದೆ, ಅದಕ್ಕೇ ಗುರುತನ್ನು ತಕ್ಷಣ ಓದಿಕೊಂಡು ಚಾರ್ಟ್ ನೋಡಿದರು. ‘ಟ್ಯಾಂಕು ಇಪ್ಪತ್ತು ಸಾವಿರ ಲೀಟರಿಂದು. ಆದರೆ ಯಾವಾಗಲೂ ತುಂಬಿಸಿ ಇಡಲ್ಲ. ದುಡ್ಡು ಮೊದಲೇ ಕಟ್ಟಬೇಕು. ತುಂಬಿಸಿಟ್ಟರೆ ದುಡ್ಡು ನೆಲದೊಳಗೆ ಮಲಗಿರುತ್ತೆ ಅಲ್ವಾ?’ ಅಂದರು.

ಈ ಒಂದು ಮಾತು ನನಗೆ ಪುಸ್ತಕದ ಹತ್ತು ಪುಟಕ್ಕಿಂತ ಜಾಸ್ತಿ ಕೊಟ್ಟಿತು. ಬಂಕ್ ಗೋದಾಮಲ್ಲ. ಅದು ಹಾದುಹೋಗುವ ಜಾಗ. ಹಾಗಿದ್ದರೆ ದೊಡ್ಡ ದಾಸ್ತಾನು ಇರುವುದೆಲ್ಲಿ? ಗಿರಾಕಿಗಳ ಗಾಡಿಗಳೊಳಗೆ!

ನಿಧಾನವಾಗಿ ಲೆಕ್ಕ

ಇದು ನಾನೇ ಕಟ್ಟಿದ ಲೆಕ್ಕ, ಅಂಕಿಗಳೆಲ್ಲ ಸುಲಭವಾಗಲಿ ಎಂದು ಆರಿಸಿದ್ದು. ಪೆನ್ನು ಹಿಡಿದು ಜೊತೆಗೆ ಬನ್ನಿ.

ಒಂದು ಊರು, ಒಂದು ಬಂಕ್, 1,000 ಕಾರು. ಪ್ರತಿ ಕಾರಿನ ಟ್ಯಾಂಕ್ 40 ಲೀಟರ್. ದಿನಕ್ಕೆ 4 ಲೀಟರ್ ಖರ್ಚು. 8 ಲೀಟರಿಗೆ ಇಳಿದಾಗ ಎಲ್ಲರೂ ಬಂದು ಫುಲ್ ಮಾಡಿಸುತ್ತಾರೆ. ಅಂದರೆ ಒಂದು ಸಲಕ್ಕೆ 32 ಲೀಟರ್, 8 ದಿನಕ್ಕೊಮ್ಮೆ. ದಿನಕ್ಕೆ ಬರುವವರು 125 ಜನ. ದಿನದ ಮಾರಾಟ 4,000 ಲೀಟರ್. ಐದು ದಿನಕ್ಕೊಮ್ಮೆ 20,000 ಲೀಟರಿನ ಲೋಡ್ ಬರುತ್ತದೆ.

ಈಗ ಯಾವುದೋ ಒಂದು ಗಳಿಗೆಯಲ್ಲಿ ಊರಿನಲ್ಲಿ ಒಟ್ಟು ಪೆಟ್ರೋಲ್ ಎಷ್ಟಿದೆ? ಬಂಕಿನಲ್ಲಿ ಸರಾಸರಿ 10,000. ಕಾರುಗಳಲ್ಲಿ? ಒಬ್ಬರದು 8ಕ್ಕೆ ಇಳಿದಿದೆ, ಇನ್ನೊಬ್ಬರದು ಈಗಷ್ಟೇ 40 ಆಗಿದೆ, ಉಳಿದವರು ನಡುವೆ. ಸರಾಸರಿ 24. ಸಾವಿರ ಕಾರಿಗೆ 24,000 ಲೀಟರ್. ಬಂಕಿನಲ್ಲಿರುವುದಕ್ಕಿಂತ ಎರಡೂವರೆ ಪಟ್ಟು ಹತ್ತಿರ ಹತ್ತಿರ. ಇದನ್ನು ಯಾರೂ ಎಣಿಸುವುದಿಲ್ಲ, ಏಕೆಂದರೆ ಇದು ಸಾವಿರ ಕಡೆ ಚೂರು ಚೂರಾಗಿ ಬಿದ್ದಿದೆ.

ಸುದ್ದಿ ಬಂತು ಎಂದುಕೊಳ್ಳಿ. ಯಾರೂ ಹುಚ್ಚು ಹಿಡಿದವರಂತೆ ಡಬ್ಬ ತುಂಬಿಸಲಿಲ್ಲ. ಎಲ್ಲರೂ ಮಾಡಿದ್ದು ಒಂದೇ. 8ಕ್ಕೆ ಇಳಿಯುವವರೆಗೆ ಕಾಯುವ ಬದಲು, ಅರ್ಧ ಟ್ಯಾಂಕ್ ಆದಾಗಲೇ, ಅಂದರೆ 20 ಲೀಟರಿಗೇ ಬಂದರು. ಆ ದಿನ 20ಕ್ಕಿಂತ ಕಡಿಮೆ ಇರುವವರು ಎಷ್ಟು? 8ರಿಂದ 40ರವರೆಗಿನ 32 ಲೀಟರ್ ಅಂತರದಲ್ಲಿ 12 ಲೀಟರಿನ ಪಾಲು. ಶೇ. 37.5. ಅಂದರೆ 375 ಜನ. ಅವರ ಬಳಿ ಸರಾಸರಿ 14 ಇರುತ್ತದೆ, ಒಬ್ಬೊಬ್ಬರು 26 ಹಾಕಿಸುತ್ತಾರೆ. 375ಕ್ಕೆ 26 ಗುಣಿಸಿ. 9,750 ಲೀಟರ್!

4,000 ಹೋಗುವ ಜಾಗದಲ್ಲಿ ಒಂದೇ ದಿನ 9,750. ಬಂಕಿನಲ್ಲಿ ಇದ್ದದ್ದೇ 10,000. ಸಂಜೆಗೆ ಕೋಲು ಒಣಗಿ ಬರುತ್ತದೆ.

ಇದಾದ ಮೇಲೆ ಕಾರುಗಳು 20 ಮತ್ತು 40ರ ನಡುವೆ ಓಡಾಡುತ್ತವೆ. ಸರಾಸರಿ 24 ಇದ್ದದ್ದು 30 ಆಯಿತು. ಸಾವಿರ ಕಾರಿಗೆ 6,000 ಲೀಟರ್ ಜಾಸ್ತಿ. ನನ್ನ ಪ್ರಶ್ನೆಗೆ ಉತ್ತರ ಇದೇ. ಪೆಟ್ರೋಲ್ ಎಲ್ಲೂ ಹೋಗಲಿಲ್ಲ. ಒಂದು ಹನಿಯೂ ಜಾಸ್ತಿ ಉರಿಯಲಿಲ್ಲ. ಬಂಕಿನ ನೆಲದಡಿಯಿಂದ ಮನೆಗಳ ಮುಂದೆ ನಿಂತ ಕಾರುಗಳಿಗೆ ಜಾಗ ಬದಲಾಯಿಸಿತು.

ಬೆಂಗಳೂರಿನವರಿಗೆ ಇದು ಸಂಪಿನ ಕತೆ. ‘ನಾಳೆ ಕಾವೇರಿ ನೀರು ಬರಲ್ಲ’ ಎಂದು ತಿಳಿದ ತಕ್ಷಣ ಬೀದಿಯಲ್ಲಿ ಎಲ್ಲರೂ ಸಂಪು ತುಂಬಿಸಿ, ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಡ್ರಮ್ಮು ಕೊಡ ಎಲ್ಲ ತುಂಬಿಸುತ್ತಾರೆ. ಕಡೆಯ ಮನೆಯ ನಲ್ಲಿಯಲ್ಲಿ ಇವತ್ತೇ ನೀರು ನಿಲ್ಲುತ್ತದೆ. ಬೀದಿಯಲ್ಲಿ ನೀರು ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ. ಕಡೆಯ ಮನೆಯವರಿಗೆ ಮಾತ್ರ ಇಲ್ಲ. ಬ್ರಿಟನ್ನಿನಲ್ಲಿ ಆ ಕಡೆಯ ಮನೆಯವರು ಯಾರಾಗಿದ್ದರು ಎಂದರೆ ನರ್ಸ್‌ಗಳು, ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆಯವರು, ಟ್ಯಾಕ್ಸಿಯವರು. ಆರೋಗ್ಯ ಸೇವೆಯವರಿಗೆ ಆದ್ಯತೆ ಕೊಡಿ ಎಂದು ವೈದ್ಯರ ಸಂಘಟನೆ ಕೇಳಬೇಕಾಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಕ್ಯೂ ಬೇರೆಯದೇ ಲೆಕ್ಕ

ಎರಡನೇ ತೊಡಕು. ಲೋಡ್ ಬಂದಮೇಲೂ ಕ್ಯೂ ಯಾಕೆ ಕರಗಲಿಲ್ಲ?

ಮೇಲಿನ ಊರನ್ನೇ ನೋಡಿ. ಈಗ ಒಬ್ಬೊಬ್ಬರು 20 ಲೀಟರ್ ಮಾತ್ರ ಹಾಕಿಸುತ್ತಾರೆ, ಹಾಗಾಗಿ 5 ದಿನಕ್ಕೊಮ್ಮೆ ಬರುತ್ತಾರೆ. ದಿನಕ್ಕೆ 125 ಇದ್ದವರು 200 ಆದರು. ಮಾರಾಟ ಅದೇ 4,000 ಲೀಟರ್. ಆದರೆ ಪಂಪಿನ ಮುಂದೆ ನಿಲ್ಲುವ ಸಮಯ ಲೀಟರಿನ ಮೇಲೆ ನಿಂತಿಲ್ಲ. ಮುಚ್ಚಳ ತೆಗೆಯಬೇಕು, ದುಡ್ಡು ಕೊಡಬೇಕು, ಗಾಡಿ ಸರಿಸಬೇಕು. ಒಬ್ಬರಿಗೆ 3 ನಿಮಿಷ ಹಿಡಿಯಿರಿ. 125 ಜನಕ್ಕೆ ಆರೂಕಾಲು ಗಂಟೆ ಪಂಪಿನ ಕೆಲಸ. 200 ಜನಕ್ಕೆ 10 ಗಂಟೆ. ಭಯ ಇನ್ನೂ ಏರಿ ಮುಕ್ಕಾಲು ಟ್ಯಾಂಕಿಗೇ, ಅಂದರೆ 30 ಲೀಟರಿಗೇ ಬಂದರೆ? ಎರಡೂವರೆ ದಿನಕ್ಕೊಮ್ಮೆ ಬರುತ್ತಾರೆ, ದಿನಕ್ಕೆ 400 ಜನ, 20 ಗಂಟೆ ಕೆಲಸ. ಮಾರಾಟ ಆಗಲೂ 4,000 ಲೀಟರೇ.

ಕ್ಯೂ ಕಂಡವರು ಇನ್ನೂ ಬೇಗ ಬರುತ್ತಾರೆ. ಉಳಿದದ್ದನ್ನು ನೀವೇ ಊಹಿಸಬಹುದು.

ಇಲ್ಲಿಂದ ನನಗೆ ತುಂಬಾ ಇಷ್ಟವಾದ ಒಂದು ಅಡ್ಡದಾರಿ ಸಿಕ್ಕಿತು. ಯಾವುದೇ ನಿಯಮ ನೋಡಿದಾಗ ಒಂದೇ ಪ್ರಶ್ನೆ ಕೇಳಿ: ‘ಇದರಿಂದ ಭೇಟಿ ಜಾಸ್ತಿಯಾಗುತ್ತದೋ ಕಡಿಮೆಯೋ?’ ಬ್ರಿಟನ್ನಿನಲ್ಲಿ ಬಂಕ್‌ಗಳನ್ನು ನಡೆಸುವ ಇಜಿ ಗ್ರೂಪ್ ಕಂಪನಿ ಒಬ್ಬರಿಗೆ 30 ಪೌಂಡಿನ ಮಿತಿ ಹಾಕಿತು. ಆಗಿನ ಬೆಲೆಗೆ ಹೆಚ್ಚುಕಡಿಮೆ 22 ಲೀಟರ್. ನ್ಯಾಯವಾಗಿ ಕಾಣುತ್ತದೆ. ಇರುವುದು ಜಾಸ್ತಿ ಜನಕ್ಕೆ ಹಂಚಿಕೆಯಾಗುತ್ತದೆ, ಅದು ಒಳ್ಳೆಯದೇ. ಆದರೆ 32 ಹಾಕಿಸಿ 8 ದಿನ ಬಿಟ್ಟು ಬರಬೇಕಾದವರು ಐದೂವರೆ ದಿನಕ್ಕೇ ಮತ್ತೆ ಬರುತ್ತಾರೆ. ಕ್ಯೂ ಉದ್ದವಾಗುತ್ತದೆ. ಇದಕ್ಕೆ ತಿರುಗಾಮುರುಗಾ ನಿಯಮವೂ ಇತ್ತು. 1979ರಲ್ಲಿ ಅಮೆರಿಕದ ಕೆಲವು ರಾಜ್ಯಗಳು ಕನಿಷ್ಠ ಇಷ್ಟು ಡಾಲರಿನದು ಕೊಳ್ಳಲೇಬೇಕು ಎಂದವು. ಅಂದರೆ ಟ್ಯಾಂಕ್ ನಿಜವಾಗಿ ಖಾಲಿಯಾಗಿದ್ದರೆ ಮಾತ್ರ ಬನ್ನಿ ಎಂದು. ಮೊದಲ ಸಲ ಓದಿದಾಗ ಪೆಟ್ರೋಲ್ ಇಲ್ಲದಾಗ ಜಾಸ್ತಿ ಕೊಳ್ಳಿ ಅನ್ನುವುದು ಎಂಥ ನಿಯಮ ಅನಿಸಿತ್ತು. ಈಗ ಅದರ ತರ್ಕ ಸ್ಪಷ್ಟವಾಗಿದೆ. ಪರೀಕ್ಷೆಯಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ.

ಹಾಗಾದರೆ ಡ್ರೈವರ್‌ಗಳ ಪಾತ್ರವೇನು?

ಬಂಕ್ ಒಣಗಿಸಿದ್ದು ಭಯ. ಮತ್ತೆ ತುಂಬಲು ಎಷ್ಟು ದಿನ ಬೇಕು ಎಂದು ನಿರ್ಧರಿಸಿದ್ದು ಡ್ರೈವರ್‌ಗಳ ಕೊರತೆ. ಇವೆರಡನ್ನೂ ನಾನು ಒಂದೇ ಕಾರಣ ಎಂದು ಕಲಸಿಕೊಂಡಿದ್ದೆ.

ನಮ್ಮ ಊರಿಗೆ ಒಂದೇ ಸಲದ 6,000 ಲೀಟರ್ ಜಾಸ್ತಿ ಬೇಕು. ಲಾರಿಗಳಿಗೆ ದಿನದ ಮಾರಾಟಕ್ಕಿಂತ ಶೇ. 10ರಷ್ಟು ಜಾಸ್ತಿ ಸಾಗಿಸುವ ಶಕ್ತಿ ಇದೆ ಅನ್ನಿ. ದಿನಕ್ಕೆ 400 ಲೀಟರ್ ಮಿಗುತ್ತದೆ. 6,000 ಭಾಗಿಸು 400, ಅಂದರೆ 15 ದಿನ. ಶಕ್ತಿ ಶೇ. 50 ಜಾಸ್ತಿ ಇದ್ದಿದ್ದರೆ 3 ದಿನ. ಏನೂ ಮಿಗುವುದಿಲ್ಲ ಎಂದಾದರೆ, ಭಯ ಇಳಿಯುವವರೆಗೆ ಬಂಕ್ ಚೇತರಿಸಿಕೊಳ್ಳುವುದೇ ಇಲ್ಲ.

ಬ್ರಿಟನ್ನಿನಲ್ಲಿ ಮಿಗುವ ಶಕ್ತಿ ಆಗಲೇ ಕರಗಿತ್ತು. ಸುಮಾರು ಒಂದು ಲಕ್ಷ ಲಾರಿ ಡ್ರೈವರ್‌ಗಳು ಕಡಿಮೆ ಎಂಬುದು ಲಾರಿ ಸಾಗಣೆ ಕಂಪನಿಗಳ ಸಂಘವಾದ ರೋಡ್ ಹಾಲೇಜ್ ಅಸೋಸಿಯೇಷನ್ನಿನ ಅಂದಾಜು. ಇದು ಎಲ್ಲ ಬಗೆಯ ಲಾರಿಗಳದ್ದು, ಪೆಟ್ರೋಲ್ ಟ್ಯಾಂಕರಿನದು ಮಾತ್ರ ಅಲ್ಲ. ಕಾರಣಗಳು ಒಂದರ ಮೇಲೊಂದು ಬಿದ್ದವು. ಕೋವಿಡ್‌ನಿಂದ ಹತ್ತಾರು ಸಾವಿರ ಲೈಸೆನ್ಸ್ ಪರೀಕ್ಷೆಗಳು ನಡೆಯಲಿಲ್ಲ. ಬ್ರೆಕ್ಸಿಟ್ ಆದಮೇಲೆ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಮೇಲೆ, ಯುರೋಪಿನ ಡ್ರೈವರ್‌ಗಳು ಮೊದಲಿನಂತೆ ಬಂದು ಹೋಗುವ ಹಾಗಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಐಆರ್35 ಎಂಬ ತೆರಿಗೆ ನಿಯಮ ಬದಲಾಗಿ, ಏಜೆನ್ಸಿ ಮೂಲಕ ದುಡಿಯುವವರ ಕೈಗೆ ಸಿಗುವ ಹಣ ಇಳಿಯಿತು. ಇರುವವರಿಗೆ ವಯಸ್ಸಾಗುತ್ತಿತ್ತು. ಹೊಸಬರು ಬರಲು ಹಿಂಜರಿದರು. ರಾತ್ರಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಶುಚಿಯಾದ ಶೌಚಾಲಯವಿಲ್ಲ, ಸ್ನಾನಕ್ಕೆ ವ್ಯವಸ್ಥೆಯಿಲ್ಲ. ಇದನ್ನು ಡ್ರೈವರ್‌ಗಳು ವರ್ಷಗಳಿಂದ ಹೇಳುತ್ತಿದ್ದರು. ಬಿಕ್ಕಟ್ಟು ಬಂದಮೇಲೆ ಅಕ್ಟೋಬರ್ ಬಜೆಟ್ಟಿನಲ್ಲಿ ಈ ಸೌಲಭ್ಯಗಳಿಗೆ 3.25 ಕೋಟಿ ಪೌಂಡ್ ಇಟ್ಟರು.

ಡ್ರೈವರನ್ನು ರಾತ್ರೋರಾತ್ರಿ ತಯಾರು ಮಾಡಲು ಆಗುವುದಿಲ್ಲ. ವೈದ್ಯಕೀಯ ತಪಾಸಣೆ, ಥಿಯರಿ, ಓಡಿಸುವ ಪರೀಕ್ಷೆ, ವೃತ್ತಿ ತರಬೇತಿ. ಪೆಟ್ರೋಲ್ ಸಾಗಿಸಬೇಕೆಂದರೆ ಅಪಾಯಕಾರಿ ಸರಕಿನ ಎಡಿಆರ್ ಅರ್ಹತೆಯೂ ಬೇಕು. ಟ್ಯಾಂಕರ್ ಡ್ರೈವರ್ ಬರೀ ಓಡಿಸುವುದಿಲ್ಲ. ಹಲವು ಕಡೆ ಪೈಪ್ ಜೋಡಿಸಿ ಇಂಧನ ಇಳಿಸುವುದೂ ಅವರ ಕೆಲಸವೇ.

ಸರ್ಕಾರ 5,000 ತಾತ್ಕಾಲಿಕ ವೀಸಾ ಘೋಷಿಸಿತು, ಅದೂ ಮೊದಲು ಕ್ರಿಸ್‌ಮಸ್ ಹಿಂದಿನ ದಿನದವರೆಗೆ ಮಾತ್ರ. ಮೂರು ತಿಂಗಳಿಗೆ ಯಾರು ಮನೆ ಬಿಟ್ಟು ಬರುತ್ತಾರೆ? ಇಂಧನ ಟ್ಯಾಂಕರಿಗೆಂದು 300 ವೀಸಾ ಬೇರೆ ಇಟ್ಟರು. ಅಕ್ಟೋಬರ್ ಮೊದಲ ವಾರದಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಹೇಳಿದಂತೆ ಅರ್ಜಿ ಹಾಕಿದ್ದು 127 ಜನ. ಅಕ್ಟೋಬರ್ 4ರಿಂದ ಸೈನ್ಯದ ಡ್ರೈವರ್‌ಗಳು ಟ್ಯಾಂಕರ್ ಏರಿದರು. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡ್ ಕೊನೆಗೆ ಚೇತರಿಸಿಕೊಂಡವು.

ಬ್ಯಾಂಕಿಗೆ ಜನ ಮುಗಿಬೀಳುವುದರ ಜೊತೆ ಇದನ್ನು ಹೋಲಿಸುತ್ತಾರೆ. ಅರ್ಥಶಾಸ್ತ್ರಜ್ಞರಾದ ಡಗ್ಲಾಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ 1983ರಲ್ಲಿ ಆ ಮಾದರಿ ಕೊಟ್ಟರು, 2022ರಲ್ಲಿ ನೊಬೆಲ್ ಪಡೆದರು. ಎಲ್ಲರೂ ಓಡುತ್ತಾರೆ ಎಂದು ಗೊತ್ತಾದಾಗ ಓಡುವುದೇ ಜಾಣತನ, ಅದು ಎರಡೂ ಕಡೆ ಸಮ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಬ್ಯಾಂಕಿನಲ್ಲಿ ಠೇವಣಿಗೆ ವಿಮೆಯ ಭರವಸೆ ಕೊಟ್ಟರೆ ಓಟ ನಿಲ್ಲುತ್ತದೆ. ಪೆಟ್ರೋಲಿಗೆ ಭರವಸೆ ಲಾರಿಯಲ್ಲೇ ಬರಬೇಕು.

ನಮ್ಮಲ್ಲಿ, 2024ರ ಜನವರಿ

ನಮ್ಮ ದೇಶದ ಉದಾಹರಣೆ ಜೊತೆಗಿಟ್ಟರೆ ಲೆಕ್ಕ ಇನ್ನೂ ಗಟ್ಟಿಯಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ಪ್ರಕಾರ, ಅಪಘಾತದಲ್ಲಿ ಸಾವಿಗೆ ಕಾರಣವಾಗಿ ವರದಿ ಮಾಡದೆ ಓಡಿಹೋದರೆ 10 ವರ್ಷದವರೆಗೆ ಜೈಲು. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಗರಿಷ್ಠ 2 ವರ್ಷ ಇತ್ತು. ಸ್ಥಳದಲ್ಲೇ ನಿಂತರೆ ಗುಂಪು ಹೊಡೆದು ಸಾಯಿಸುತ್ತದೆ, ಹೋದರೆ 10 ವರ್ಷ ಎಂದು ಡ್ರೈವರ್‌ಗಳು ಕೇಳಿದ್ದು ಸುಮ್ನೆ ತೆಗೆದುಹಾಕುವ ಮಾತಲ್ಲ. ಜನವರಿ 1 ಮತ್ತು 2ರಂದು ಹಲವು ರಾಜ್ಯಗಳಲ್ಲಿ ಲಾರಿಗಳು ನಿಂತವು. ಮಹಾರಾಷ್ಟ್ರ, ಪಂಜಾಬ್, ಹಿಮಾಚಲ, ಹೈದರಾಬಾದ್ ಎಲ್ಲೆಡೆ ಬಂಕ್ ಮುಂದೆ ಸಾಲು. ಅಲ್ಲೂ ನಡೆದದ್ದು ಅದೇ, ಪೆಟ್ರೋಲ್ ನೆಲದಡಿಯಿಂದ ಗಾಡಿಗಳಿಗೆ ಹೋಯಿತು.

ಆದರೆ 2ರ ರಾತ್ರಿ ಕೇಂದ್ರ ಗೃಹ ಕಾರ್ಯದರ್ಶಿ ಸಾಗಣೆದಾರರ ಸಂಘಟನೆಯಾದ ಆಲ್ ಇಂಡಿಯಾ ಮೋಟಾರ್ ಟ್ರಾನ್ಸ್‌ಪೋರ್ಟ್ ಕಾಂಗ್ರೆಸ್ ಜೊತೆ ಮಾತಾಡಿ, ಚರ್ಚಿಸದೆ ಆ ಕಲಂ ಜಾರಿ ಮಾಡುವುದಿಲ್ಲ ಎಂದರು. ಡ್ರೈವರ್‌ಗಳು ಮತ್ತೆ ಗಾಡಿ ಹತ್ತಿದರು. ಬ್ರಿಟನ್ನಿನಲ್ಲಿ ವಾರಗಟ್ಟಲೆ ಎಳೆದದ್ದು ಇಲ್ಲಿ ಬೇಗ ಮುಗಿಯಿತು, ಏಕೆಂದರೆ ಇಲ್ಲಿ ಸಾಗಿಸುವ ಕೈಗಳು ಕಡಿಮೆಯಾಗಿರಲಿಲ್ಲ, ನಿಂತಿದ್ದವು ಅಷ್ಟೇ. ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ 106(2) ಒಂದನ್ನು ತಡೆಹಿಡಿದೇ ಇಟ್ಟಿದ್ದರು.