ಡೇರೆ ಹೂವಿಗೆ ಡೇಲಿಯಾ ಎಂಬ ಹೆಸರು ಬಂದದ್ದು ಹೇಗೆ?

ಡೇರೆ ಹೂವಿಗೆ ಡೇಲಿಯಾ ಅಂತ ಹೆಸರಿಟ್ಟವರು ಸ್ವೀಡನ್ನಿನ ಹೆಸರಾಂತ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಎಂದು ಹೇಳುವುದುಂಟು. ಅದು ಸಾಧ್ಯವೇ ಇಲ್ಲ. ಅವರು ತೀರಿಕೊಂಡದ್ದು 1778ರಲ್ಲಿ, ಈ ಹೆಸರು ಅಚ್ಚಾದದ್ದು 1791ರಲ್ಲಿ. ಇದು ಸಾಲದು ಅಂತ ರಷ್ಯಾದಲ್ಲಿ ಇದೇ ಹೂವನ್ನು ಗಿಯೋರ್ಗಿನ್ ಎನ್ನುತ್ತಾರೆ.

ಗಿಡದ ತವರು ಮೆಕ್ಸಿಕೊ. ಅಲ್ಲಿನ ನಹುವಾಟಲ್ ಭಾಷೆಯಲ್ಲಿ ಇದಕ್ಕೆ ಅಕೊಕೊಟ್ಲಿ ಎಂಬ ಹೆಸರಿತ್ತು. ನೀರಿನ ಕೊಳವೆ ಎಂಬ ಅರ್ಥ. ಎತ್ತರಕ್ಕೆ ಬೆಳೆಯುವ ಡೇರೆಗಳ ಕಾಂಡ ಟೊಳ್ಳು, ಹಾಗಾಗಿ ಗಿಡವನ್ನು ಚೆನ್ನಾಗಿ ಬಲ್ಲವರು ಇಟ್ಟ ಹೆಸರು ಅದು. 1570ರ ದಶಕದಲ್ಲಿ ಸ್ಪೇನ್ ರಾಜನ ವೈದ್ಯ ಫ್ರಾನ್ಸಿಸ್ಕೊ ಹರ್ನಾಂಡೆಜ್ ಅಲ್ಲಿಗೆ ಹೋಗಿ ಈ ಗಿಡಗಳ ಬಗ್ಗೆ ಬರೆದರು. ಆಮೇಲೆ ಇನ್ನೂರು ವರ್ಷ ಯುರೋಪಿನಲ್ಲಿ ಯಾರೂ ಇದನ್ನು ಅಷ್ಟಾಗಿ ವಿಚಾರಿಸಲಿಲ್ಲ.

ಗೋಜಲು ಶುರುವಾದದ್ದು ಬೀಜ ಮ್ಯಾಡ್ರಿಡ್ ಸಸ್ಯೋದ್ಯಾನ ತಲುಪಿದ ಮೇಲೆ. ಅಲ್ಲಿ ಕಾವಾನಿಲ್ಲೆಸ್ ಎಂಬ ಪಾದ್ರಿ ಗಿಡವನ್ನು ವಿವರಿಸಿ, ಸ್ವೀಡನ್ನಿನ ಆಂಡರ್ಸ್ ಡಾಲ್ ಗೌರವಾರ್ಥ ಡೇಲಿಯಾ ಎಂದು ಕರೆದರು. ಡಾಲ್ ಲಿನ್ನೇಯಸ್ ಶಿಷ್ಯ. ಲಿನ್ನೇಯಸ್ ಹೆಸರು ಈ ಕಥೆಯೊಳಗೆ ನುಸುಳಿದ್ದು ಬಹುಶಃ ಇದೇ ನಂಟಿನಿಂದ. ಡಾಲ್ ಎಂದರೆ ಸ್ವೀಡಿಷ್‌ನಲ್ಲಿ ಕಣಿವೆ. ಹಾಗಂತ ಡೇಲಿಯಾ ಎಂದರೆ ಕಣಿವೆಯ ಹೂ ಅಂದುಕೊಳ್ಳಬಾರದು, ಅದು ಬರೀ ಒಂದು ಮನೆತನದ ಹೆಸರು.

ಮರುವರ್ಷವೇ, 1792ರಲ್ಲಿ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥುನ್‌ಬೆರ್ಗ್ ದಕ್ಷಿಣ ಆಫ್ರಿಕಾದ ಒಂದು ಪೊದೆಗೂ ಡೇಲಿಯಾ ಎಂದೇ ಹೆಸರಿಟ್ಟರು. ಅವರೂ ಲಿನ್ನೇಯಸ್ ಶಿಷ್ಯರೇ. ಎರಡು ಬೇರೆ ಗಿಡ, ಒಂದೇ ಹೆಸರು! ಸಸ್ಯಶಾಸ್ತ್ರದಲ್ಲಿ ಇದು ನಡೆಯುವುದಿಲ್ಲ, ಮೊದಲು ಅಚ್ಚಾದ ಹೆಸರಿಗೇ ಹಕ್ಕು. ಬರ್ಲಿನ್ನಿನ ಸಸ್ಯಶಾಸ್ತ್ರಜ್ಞ ವಿಲ್ಡೆನೋ, ಬಹುಶಃ ಪೊದೆಯ ಹೆಸರೇ ಮೊದಲಿನದು ಎಂದು ತಿಳಿದು, 1803ರಲ್ಲಿ ಮೆಕ್ಸಿಕೊದ ಹೂವಿಗೆ ಗಿಯೋರ್ಗಿನಾ ಎಂಬ ಹೊಸ ಹೆಸರು ಕೊಟ್ಟರು. ಅದು ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರೊಫೆಸರ್ ಗಿಯೋರ್ಗಿ ನೆನಪಿಗೆ. ಒಂದೇ ವರ್ಷದ ಅಂತರ, ಪುಸ್ತಕಗಳು ಊರಿಂದೂರಿಗೆ ನಿಧಾನವಾಗಿ ಸಾಗುತ್ತಿದ್ದ ಕಾಲ. ಇಂಥ ಗೊಂದಲ ಸಹಜ ಅಲ್ವಾ?

ಕೊನೆಗೆ 1791ರ ಹೆಸರೇ ನಿಂತಿತು. ಅಷ್ಟರಲ್ಲಿ ಗಿಯೋರ್ಗಿನಾ ಎಂಬ ಹೆಸರು ರಷ್ಯಾದ ತೋಟಗಾರರ ಬಾಯಲ್ಲಿ ಕೂತುಬಿಟ್ಟಿತ್ತು. ಉಚ್ಚಾರಣೆಯಲ್ಲೂ ಒಮ್ಮತವಿಲ್ಲ. ಡಾಲ್ ಹೆಸರಿಗೆ ಹತ್ತಿರವಾದದ್ದು ಡಾಲಿಯಾ. ಡೇಲಿಯಾ ಎಂದು ಉಚ್ಚರಿಸಿದರೆ ಇಂಗ್ಲೆಂಡಿನ ಸಾಮ್ಯುಯೆಲ್ ಡೇಲ್ ಹೆಸರಿನ ಬೇರೊಂದು ಗಿಡ, ಡೇಲಿಯ, ನೆನಪಾಗುತ್ತದೆ. ಆದರೂ ಬಳಕೆಯಲ್ಲಿ ಗಟ್ಟಿಯಾದದ್ದನ್ನು ಈಗ ತಿದ್ದಿ ಪ್ರಯೋಜನವಿಲ್ಲ.

ಇಷ್ಟೆಲ್ಲ ವಾದದಲ್ಲಿ ಅಕೊಕೊಟ್ಲಿಯ ಪರವಾಗಿ ಒಂದು ಮಾತೂ ಬರಲಿಲ್ಲ ಎನ್ನುವುದು ಬೇಸರದ ಸಂಗತಿ. 1963ರಲ್ಲಿ ಮೆಕ್ಸಿಕೊ ಇದನ್ನು ತನ್ನ ರಾಷ್ಟ್ರೀಯ ಹೂವೆಂದು ಘೋಷಿಸಿತು. ಆಗಲೂ ಬಳಸಿದ್ದು ಸ್ವೀಡನ್ನಿನ ಆ ಡಾಲ್ ಹೆಸರನ್ನೇ: ದಾಲಿಯಾ.