ಕೊಯೋಟಿ ಬೇಟೆಗೆ ಕೋವಿಯನ್ನು ಯಾವುದರ ಮೇಲೆ ಊರಬೇಕು?

ಓದುಗರ ಪ್ರಶ್ನೆ: ಸಾರ್, ನಾನು ಟೆಕ್ಸಸ್‌ಗೆ ಬಂದು ಆರು ವರ್ಷ ಆಯ್ತು. ಗೆಳೆಯನ ರ‍್ಯಾಂಚ್‌ನಲ್ಲಿ ಈ ಚಳಿಗಾಲ ಕೊಯೋಟಿ ಬೇಟೆಗೆ ಹೋಗೋಣ ಅಂತಿದ್ದೀವಿ. ಶೂಟಿಂಗ್ ರೇಂಜ್‌ನಲ್ಲಿ ಮೇಜಿನ ಮೇಲಿಟ್ಟು ಹೊಡೆದರೆ 100 ಗಜದಲ್ಲಿ ಮೂರೂ ಗುಂಡು ಒಂದು ಇಂಚಿನೊಳಗೆ ಬೀಳ್ತವೆ. ಹೊಲಕ್ಕೆ ಹೋದ್ರೆ ಮಾತ್ರ ಕೋವಿ ಗಡಗಡ ಅಲುಗುತ್ತೆ. ಬೈಪಾಡ್ ತಗೊಳ್ಳಲಾ, ಶೂಟಿಂಗ್ ಸ್ಟಿಕ್ ತಗೊಳ್ಳಲಾ, ಟ್ರೈಪಾಡ್ ತಗೊಳ್ಳಲಾ? ಯಾವುದು ಜಾಸ್ತಿ ಗಟ್ಟಿ?

ಚಳಿಗಾಲ ಬಂತೆಂದರೆ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. ಎಲ್ಲರೂ ಹಿಡಿಯುವ ಪದವೂ ಒಂದೇ, ಗಟ್ಟಿ. ಗಟ್ಟಿಯೇ ಬೇಕೆಂದರೆ ರೇಂಜಿನ ಸಿಮೆಂಟ್ ಮೇಜನ್ನು ಮೀರಿದ್ದು ಯಾವುದೂ ಇಲ್ಲ, ಅದನ್ನು ಹೆಗಲ ಮೇಲೆ ಹೊತ್ತು ಹೋಗೋಕೆ ಆಗಲ್ಲ ಅಷ್ಟೇ. ಕೊಯೋಟಿ ಬೇಟೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಪ್ರಾಣಿ ನಾನು ಎಣಿಸದ ಕಡೆಯಿಂದ ಬಂದರೆ, ಸದ್ದಿಲ್ಲದೆ ಆ ಕಡೆ ತಿರುಗಿ, ಎಷ್ಟು ಬೇಗ ಅಲುಗಾಟ ನಿಲ್ಲಿಸಬಲ್ಲೆ?

ಈ ಬೇಟೆ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕೊಯೋಟಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಹಳ್ಳಿ ಕಡೆಯವರು ಅದನ್ನು 'ಕೈಯೋಟ್' ಅಂತಾರೆ. ಒಂದು ಪೊದೆಗೆ ಬೆನ್ನು ಕೊಟ್ಟು ಕೂತು, ಗಾಯಗೊಂಡ ಮೊಲದ ಕೂಗನ್ನು ಬಾಯಿಂದಲೋ ಬ್ಯಾಟರಿ ಪೆಟ್ಟಿಗೆಯಿಂದಲೋ ಹೊರಡಿಸಿ, ಹದಿನೈದು ಇಪ್ಪತ್ತು ನಿಮಿಷ ಕಲ್ಲಿನ ಹಾಗೆ ಕಾಯಬೇಕು. ಬಂದರೆ ಬಂತು, ಇಲ್ಲದಿದ್ದರೆ ಎದ್ದು ಮುಂದಿನ ಜಾಗಕ್ಕೆ. ಬರುವಾಗಲೂ ಅದು ನೆಟ್ಟಗೆ ಸದ್ದಿನ ಕಡೆ ಬರುವುದಿಲ್ಲ. ಸುತ್ತು ಹಾಕಿ ಗಾಳಿ ಯಾವ ಕಡೆ ಬೀಸುತ್ತಿದೆಯೋ ಆ ಕಡೆಗೆ ಹೋಗಿ ಮೂಸಿ ನೋಡುತ್ತದೆ. ಅಲ್ಲಿಗೆ ನೀವು ಕೋವಿ ಊರಿಕೊಂಡ ದಿಕ್ಕು ಒಂದು, ಪ್ರಾಣಿ ನಿಂತ ದಿಕ್ಕು ಇನ್ನೊಂದು. ಈಗ ನೀವು ಅಲುಗಲೇಬೇಕು, ಅದು ಹುಡುಕುತ್ತಿರುವುದೂ ಅಲುಗುವ ವಸ್ತುವನ್ನೇ.

ಗುರಿಯೂ ದೊಡ್ಡದಲ್ಲ. ಮೈ ತುಂಬಾ ಕೂದಲಿರುವುದರಿಂದ ದಪ್ಪ ಕಾಣುತ್ತದೆ, ಒಳಗೆ ಇರುವುದು ಬಡಕಲು ನಾಯಿಯಷ್ಟೇ ದೇಹ. ಗುಂಡು ಬೀಳಬೇಕಾದ ಜಾಗ ಅಂತ ನಾನು ಲೆಕ್ಕಕ್ಕೆ 5 ಇಂಚು ಅಗಲದ ಸುತ್ತು ಇಟ್ಟುಕೊಳ್ಳುತ್ತೇನೆ. ನಿಮ್ಮ ಸ್ಕೋಪಿನ, ಅಂದರೆ ಕೋವಿ ಮೇಲಿನ ದುರ್ಬೀನಿನ, ಗೆರೆಗಳು 100 ಗಜದಲ್ಲಿ 4 ಇಂಚು ಅಲ್ಲಾಡುತ್ತಿದ್ದರೆ ಹೇಗೋ ನಡೆಯುತ್ತದೆ, ಅದೇ ಅಲುಗಾಟ 200 ಗಜಕ್ಕೆ 8 ಇಂಚಾಯಿತು, ಅಂದರೆ ಹೊಟ್ಟೆಗೋ ಕಾಲಿಗೋ ಬಿದ್ದು ಪ್ರಾಣಿ ನರಳುತ್ತಾ ಓಡಿಹೋಗುತ್ತದೆ. ಒಳ್ಳೆ ರೈಫಲ್, ಒಳ್ಳೆ ತೋಟಾ ತಂದರೆ ಸಾಲದು ಅನ್ನುವುದು ಇದಕ್ಕೇ. ಮೇಜಿನ ಮೇಲಿನ ನಿಮ್ಮ ಒಂದು ಇಂಚು ಕೋವಿಯ ಗುಣ, ನಿಮ್ಮದಲ್ಲ. ಬೇಜಾರು ಮಾಡ್ಕೋಬೇಡಿ, ನನ್ನದೂ ಅದೇ ಕಥೆ.

ಈಗ ಬೈಪಾಡ್, ಅಂದರೆ ಕೋವಿಯ ಮುಂಭಾಗದ ಅಡಿಗೇ ಸಿಕ್ಕಿಸುವ ಎರಡು ಕಾಲು. ಹೊಸಬರು ಮೊದಲು ಕೊಳ್ಳುವುದು ಇದನ್ನೇ, ನಾನೂ ಕೊಂಡಿದ್ದೆ. ಹ್ಯಾರಿಸ್ ಕಂಪನಿಯ 6ರಿಂದ 9 ಇಂಚಿನ ಗಿಡ್ಡ ಮಾದರಿ ಇಲ್ಲಿ ಮನೆಮನೆಯಲ್ಲೂ ಇದೆ, ಹೊಟ್ಟೆ ಮೇಲೆ ಮಲಗಿ ಹೊಡೆಯಲು ಅದು ಬಲು ಚೆನ್ನ. ಆದರೆ ಟೆಕ್ಸಸ್‌ನ ಪಶ್ಚಿಮಕ್ಕೆ ಹೋಗಿ ಹೊಟ್ಟೆ ಮೇಲೆ ಮಲಗಿ ನೋಡಿ. ಅಲ್ಲಿನ ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಅದರ ಬುಡದಲ್ಲಿ ಪಾಪಾಸುಕಳ್ಳಿ. ಬರಿ ನೆಲ ಕಂಡಿತು ಅಂತ ಮೊಣಕೈ ಊರಿದರೆ ನೆಗ್ಗಿಲ ಮುಳ್ಳು, ಅದೇ ನಮ್ಮೂರ ನೆಗ್ಗಿಲೇ, ಇಲ್ಲಿ ಅದಕ್ಕೆ 'ಗೋಟ್‌ಹೆಡ್' ಅಂತಾರೆ. ಮೊದಲ ಸಲ ಮೊಣಕೈಯಿಂದ ಮುಳ್ಳು ಕೀಳುತ್ತಾ ಕೂತಾಗ ಚಿತ್ರದುರ್ಗದ ಹೊಲಕ್ಕೇ ವಾಪಸ್ ಹೋದ ಹಾಗಾಯಿತು. ಮುಳ್ಳನ್ನು ಸಹಿಸಿಕೊಂಡರೂ ಮಲಗಿದ ಕಣ್ಣಿಗೆ ಕಾಣುವುದು ಮೊಣಕಾಲೆತ್ತರದ ಹುಲ್ಲು ಮಾತ್ರ, ಕೊಯೋಟಿಯ ಕಿವಿ ತುದಿ ಕಂಡರೆ ಪುಣ್ಯ. ಪಕ್ಕಕ್ಕೆ ತಿರುಗಬೇಕೆಂದರೆ ಇಡೀ ದೇಹವನ್ನೇ ಎಳೆದುಕೊಂಡು ತಿರುಗಬೇಕು. ಗೋಧಿ ಕೊಯ್ದ ಬಯಲು, ಮೇಯ್ದು ಬೋಳಾದ ಗುಡ್ಡದ ನೆತ್ತಿ, ಇಂಥ ಜಾಗ ನಿಮ್ಮ ಗೆಳೆಯನ ರ‍್ಯಾಂಚ್‌ನಲ್ಲಿದ್ದರೆ ಗಿಡ್ಡ ಬೈಪಾಡ್ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ಅದೇ ಕಂಪನಿಯ ಉದ್ದ ಕಾಲಿನದೂ ಇದೆ, ಹದಿಮೂರೂವರೆಯಿಂದ 27 ಇಂಚಿನದು, ಕೂತು ಹೊಡೆಯುವವರಿಗೆ. ಕೆಲಸ ಮಾಡುತ್ತದೆ. ನನಗೆ ಸೇರಲಿಲ್ಲ, ಕೋವಿಯ ಮೂತಿ ಭಾರವಾಗಿ ದಿನವಿಡೀ ನಡೆಯುವಾಗ ಹೆಗಲು ಹಿಡಿಯುತ್ತದೆ, ಪೊದೆಗೆಲ್ಲ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ನನ್ನ ಉತ್ತರ? ಮೊದಲ ವರ್ಷಕ್ಕೆ ಶೂಟಿಂಗ್ ಸ್ಟಿಕ್, ಅಂದರೆ ಕೂತ ಎತ್ತರದ ಎರಡು ಕಾಲಿನ ಕೋಲು, ಕೋವಿಗೆ ಅಂಟದೆ ಬಿಡಿಯಾಗಿರುವಂಥದ್ದು. ಇದು ಹೊಸ ಸರಕೇನಲ್ಲ. 1870ರ ದಶಕದಲ್ಲಿ ಇದೇ ಬಯಲಲ್ಲಿ ಕಾಡೆಮ್ಮೆ ಹೊಡೆಯುತ್ತಿದ್ದವರು ತಮ್ಮ ಭಾರದ ಶಾರ್ಪ್ಸ್ ರೈಫಲ್‌ಗಳನ್ನು ಕತ್ತರಿಯಂತೆ ಕಟ್ಟಿದ ಎರಡು ಕೋಲುಗಳ ಮೇಲೆ ಇಟ್ಟುಕೊಂಡೇ ಕೂತು ಹೊಡೆಯುತ್ತಿದ್ದರು. ನೀವೂ ಮನೆಯಲ್ಲೇ ಮಾಡಿಕೊಳ್ಳಬಹುದು. ಮೂರು ಮೂರೂವರೆ ಅಡಿ ಉದ್ದದ ಎರಡು ಬಿದಿರು ಕೋಲು, ತುದಿಯಿಂದ ಐದು ಇಂಚು ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ನಾಲ್ಕು ಸುತ್ತು. ಮೇಲೆ ಕವೆಯಾಗುವ ಕಡೆ ಅದೇ ಟ್ಯೂಬ್ ಸುತ್ತಿದರೆ ಕೋವಿಗೆ ಗೀರು ಬೀಳುವುದಿಲ್ಲ, ಟಕ್ ಅಂತ ಸದ್ದೂ ಆಗುವುದಿಲ್ಲ. ಸದ್ದಿನ ವಿಷಯ ಚಿಕ್ಕದಲ್ಲ. ನಾನು ಅಂಗಡಿಯಿಂದ ತಂದಿದ್ದ ಒಂದು ಅಗ್ಗದ ಅಲ್ಯೂಮಿನಿಯಂ ಕೋಲು, ಕಂಪನಿ ಹೆಸರು ಬೇಡ, ಭಾರ ಬಿದ್ದ ಕೂಡಲೇ ಒಂದು ಕಾಲು ಜಾರಿ ಒಳಕ್ಕೆ ಹೋಗಿ 'ಟಣ್' ಅಂದಿತು. 60 ಗಜದಲ್ಲಿ ನಿಂತಿದ್ದ ಕೊಯೋಟಿ ಆಮೇಲೆ ಬರೀ ಧೂಳು. ಅಂಗಡಿಯದ್ದೇ ಕೊಳ್ಳುವುದಾದರೆ ಕಾಲಿನ ಬೀಗಗಳ ಮೇಲೆ ನಿಮ್ಮ ಮೈಭಾರ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ಒಂದೇ ಕೈಯಲ್ಲಿ ಗುಂಡಿ ಒತ್ತಿ ಎತ್ತರ ಬದಲಿಸುವ ಪ್ರೈಮೋಸ್ ಟ್ರಿಗರ್ ಸ್ಟಿಕ್ ಥರದವು ಜನಪ್ರಿಯವಾದದ್ದು ಈ ಒಂದು ಅನುಕೂಲಕ್ಕೇ, ಇನ್ನೊಂದು ಕೈ ಕೋವಿ ಬಿಡಬೇಕಾಗಿಲ್ಲವಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ, ಯಾವ ಡಬ್ಬಿಯ ಮೇಲೂ ಬರೆದಿರದ ವಿಷಯ. ಕೋಲು ಹಿಡಿಯುವುದು ಕೋವಿಯ ಮುಂದಿನ ತುದಿಯನ್ನು ಮಾತ್ರ. ಹಿಂದಿನ ತುದಿ ನಿಮ್ಮ ಭುಜದಲ್ಲಿದೆ, ಭುಜ ನಿಮ್ಮ ಉಸಿರಿನ ಜೊತೆ ಏಳುತ್ತದೆ ಬೀಳುತ್ತದೆ. ಹೊಲದಲ್ಲಿ ಕೋವಿ ಗಡಗಡ ಅಲುಗುತ್ತೆ ಅಂದಿರಲ್ಲ, ಕೋಲು ತಂದ ಮೇಲೂ ಅದರ ಅರ್ಧ ಉಳಿಯುತ್ತದೆ, ಯಾಕೆಂದರೆ ಆ ಅರ್ಧ ಹುಟ್ಟುವುದು ಹಿಂದೆ. ಆದ್ದರಿಂದ ಕೂರುವಾಗಲೇ ಸರಿಯಾಗಿ ಕೂರಿ. ಬೆನ್ನು ಮರಕ್ಕೋ ಬೇಲಿ ಕಂಬಕ್ಕೋ ಒರಗಲಿ. ಮೊಣಕಾಲು ಎರಡೂ ಮೇಲೆ. ಬಲಗೈಯವರಾದರೆ ಬಲ ಮೊಣಕೈ ಬಲ ಮೊಣಕಾಲಿನ ಒಳಬದಿಗೆ ಆನಲಿ, ಮೊಣಕೈ ಗಂಟನ್ನು ಮೊಣಕಾಲ ಚಿಪ್ಪಿನ ಮೇಲೆ ಇಡಬೇಡಿ, ಮೂಳೆ ಮೇಲೆ ಮೂಳೆ ಗೋಲಿಯ ಹಾಗೆ ಉರುಳುತ್ತದೆ, ಮೊಣಕೈಗಿಂತ ಸ್ವಲ್ಪ ಮೇಲಿನ ಮಾಂಸದ ಭಾಗ ಇಡಿ. ಮೊಣಕಾಲು ಎಟುಕದಿದ್ದರೆ ಬೆನ್ನಿನ ಚೀಲವನ್ನು ತೊಡೆ ಮೇಲೆ ಇಟ್ಟುಕೊಂಡು ಅದರ ಮೇಲೆ ಮೊಣಕೈ. ಎಡಗೈಯಲ್ಲಿ ಕೋಲಿನ ಕವೆಯನ್ನೂ ಕೋವಿಯನ್ನೂ ಒಟ್ಟಿಗೆ ಹಿಡಿದು ಭುಜದ ಕಡೆಗೆ ಮೆಲ್ಲಗೆ ಎಳೆದುಕೊಳ್ಳಿ. ಕೋಲಿನದು ಎರಡು ಕಾಲು, ಮೂರನೆಯ ಕಾಲು ನೀವು.

ಹೀಗೆ ಕೂತ ಮೇಲೆ ಒಂದು ಪರೀಕ್ಷೆ. ಗುರಿ ಇಟ್ಟು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ಬಿಡಿ. ಗೆರೆಗಳು ಗುರಿಯಿಂದ ಪಕ್ಕಕ್ಕೆ ಸರಿದಿವೆಯಾ? ಕೈಯಿಂದ ತಳ್ಳಿ ಸರಿಮಾಡಬೇಡಿ, ತಳ್ಳಿದ ಸ್ನಾಯು ಟ್ರಿಗರ್ ಒತ್ತುವಾಗ ವಾಪಸ್ ಎಳೆಯುತ್ತದೆ. ಕುಂಡೆ ಸರಿಸಿ. ಹೌದು, ಗುರಿಕಾರನ ದೊಡ್ಡ ಗುಟ್ಟು ಅಲ್ಲೇ ಇರೋದು.

ಇನ್ನೊಂದು. ಕವೆ ತಾಗಬೇಕಾದ್ದು ನಳಿಗೆಯ ಅಡಿಯಲ್ಲಿರುವ ಕೋವಿಯ ಮರದ ಭಾಗಕ್ಕೆ, ನಳಿಗೆಗೆ ಅಲ್ಲ. ಗುಂಡು ಹಾರುವಾಗ ನಳಿಗೆ ತಂತಿಯ ಹಾಗೆ ಕಂಪಿಸುತ್ತದೆ, ಅದನ್ನು ಗಟ್ಟಿ ವಸ್ತುವಿಗೆ ಒತ್ತಿ ಹೊಡೆದರೆ ಗುಂಡು ಬೇರೆ ಕಡೆ ಬೀಳುತ್ತದೆ. ಬೇಲಿ ಕಂಬದ ಮೇಲೆ ಇಡುವ ಸಂದರ್ಭ ಬಂದರೆ ನಡುವೆ ಟೋಪಿಯೋ ನಿಮ್ಮ ಅಂಗೈಯೋ ಇರಲಿ.

ಟ್ರೈಪಾಡ್ ಬಗ್ಗೆ ಕೇಳಿದ್ರಲ್ಲ. ದುಡ್ಡಿದ್ದರೆ, ಹೊರುವ ಮೈ ಇದ್ದರೆ, ಮೂರರಲ್ಲಿ ಅದೇ ಮೇಲು, ಇದರಲ್ಲಿ ವಾದ ಇಲ್ಲ. ಮೇಲೆ ಕೋವಿಯನ್ನು ಕಚ್ಚಿ ಹಿಡಿಯುವ ಬಾಯಿ ಇರುವಂಥವು, ಬಾಗ್ ಕಂಪನಿಯ ಡೆತ್‌ಗ್ರಿಪ್ ಥರದವು, ಕೋವಿಯನ್ನು ತಾವೇ ಹೊತ್ತು ನಿಲ್ಲುತ್ತವೆ. ಹದಿನೈದು ನಿಮಿಷ ಕಾಯುವಾಗ ಕೈ ಖಾಲಿ, ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ರಾತ್ರಿ ಪ್ರಾಣಿಯ ಮೈಬಿಸಿ ಹಿಡಿದು ತೋರಿಸುವ ಥರ್ಮಲ್ ಸ್ಕೋಪ್ ಹಾಕಿಕೊಂಡು ನಿಂತು ಹೊಡೆಯುವವರು ಟ್ರೈಪಾಡ್ ಬಿಟ್ಟು ಬೇರೆ ಬಳಸುವುದನ್ನು ನಾನು ಹೆಚ್ಚು ನೋಡಿಲ್ಲ, ಆ ಸ್ಕೋಪೇ ಭಾರ. ಹಕ್ಕಿ ಫೋಟೋ ತೆಗೆಯುವ ಹುಚ್ಚಿದ್ದರೆ ನಿಮ್ಮಲ್ಲಿ ಒಳ್ಳೆ ಟ್ರೈಪಾಡ್ ಆಗಲೇ ಇರಬಹುದು. ಈಗ ಟ್ರೈಪಾಡಿಗೆ ಕಚ್ಚಿಸಲು ರೈಫಲ್‌ಗಳ ಅಡಿಗೆ ಹಾಕುವ ಆರ್ಕಾ ಪಟ್ಟಿ ಬಂದದ್ದೇ ಕ್ಯಾಮೆರಾ ಲೋಕದಿಂದ, ಸುಮಾರು 38 ಮಿಲಿಮೀಟರ್ ಅಗಲದ್ದು. ಪ್ಲಾಸ್ಟಿಕ್ ಟ್ರೈಪಾಡ್ ಮಾತ್ರ ತರಬೇಡಿ, ದಮ್ಮಯ್ಯ.

ಕಾಗದದ ವಿಷಯ ನೀವು ಕೇಳಿಲ್ಲ, ಆದರೂ ಹೇಳದಿದ್ದರೆ ತಪ್ಪಾಗುತ್ತದೆ. ನೀವು ಎಚ್-1ಬಿಯಂಥ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಕೈಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಟೆಕ್ಸಸ್‌ನಲ್ಲಿ ಬೇಟೆಗಾರರ ತರಬೇತಿಯನ್ನೂ ಮುಗಿಸಿರಬೇಕು. ವೀಸಾದಲ್ಲಿರುವವರು ಕೋವಿ ಮುಟ್ಟುವ ಮೊದಲು ವಕೀಲರನ್ನು ಒಮ್ಮೆ ಕೇಳಿ. ಇಲ್ಲಿ ಕಲಿತದ್ದನ್ನು ರಜೆಗೆ ಹೋದಾಗ ಊರಲ್ಲಿ ತೋರಿಸುವ ಯೋಚನೆ ಬೇಡ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ನರಿಗೆ ಕೋವಿ ಎತ್ತುವುದೂ ಜೈಲಿನ ದಾರಿಯೇ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಸಮಯಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದಲ್ಲ, ಅದನ್ನು ನೋಡಿ. ಕೋಲೂ ಇಲ್ಲ ಕಾಲೂ ಇಲ್ಲದೆ ನಿಂತೇ ಹೊಡೆದು ಕಾಯಿ ಸಿಡಿಸುವವರನ್ನು ನೋಡಿದರೆ ನಮ್ಮ ಸಾಮಾನುಗಳ ಬಗ್ಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಆದರೆ ತೆಂಗಿನಕಾಯಿ ಗಾಯಗೊಂಡು ಓಡುವುದಿಲ್ಲ.

ಯಾವುದನ್ನೇ ಕೊಂಡರೂ ಬೇಟೆಗೆ ಮೊದಲು ಮೂರು ವಾರ ಮನೆಯಲ್ಲಿ ಅಭ್ಯಾಸ ಮಾಡಿ. ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ತೋಟಾಗಳನ್ನು ಇನ್ನೊಂದು ಕೋಣೆಯಲ್ಲಿಟ್ಟು, ನೆಲದ ಮೇಲೆ ಕೂತು, ಎದುರು ಗೋಡೆಯಿಂದ ಪಕ್ಕದ ಗೋಡೆಗೆ ತಿರುಗಿ ಅಲುಗಾಟ ನಿಲ್ಲಿಸಲು ಎಷ್ಟು ಸೆಕೆಂಡು ಬೇಕು ಅಂತ ಫೋನಿನಲ್ಲಿ ಅಳೆಯಿರಿ. ಶುರುವಿನಲ್ಲಿ ಇಪ್ಪತ್ತಾದರೂ ಆಗುತ್ತದೆ. ಎಂಟಕ್ಕೆ ಇಳಿಯಲಿ. ಆಮೇಲೆ ರೇಂಜಿಗೆ ಹೋಗಿ, ಮೇಜು ಬಿಟ್ಟು ನೆಲದಲ್ಲಿ ಕೂರಲು ಬಿಡುವಂಥ ರೇಂಜಿಗೆ, 5 ಇಂಚಿನ ಕಾಗದದ ಸುತ್ತು ಅಂಟಿಸಿ, ಪ್ರತಿ ಗುಂಡಿಗೂ ಎದ್ದು ಮತ್ತೆ ಕೂತು ಹತ್ತು ಸೆಕೆಂಡೊಳಗೆ ಹೊಡೆಯಿರಿ. ಐದಕ್ಕೆ ಐದೂ ಒಳಗೆ ಬೀಳುವ ದೂರ ಯಾವುದೋ ಅದೇ ಈ ಚಳಿಗಾಲಕ್ಕೆ ನಿಮ್ಮ ದೂರ. ಮೊದಲ ವರ್ಷ ನನ್ನದು 80 ಗಜ ಇತ್ತು.