ಸಂಸತ್ತೇ ಸೋರುತ್ತಿರುವಾಗ: ವೆಸ್ಟ್‌ಮಿನ್‌ಸ್ಟರ್ ದುರಸ್ತಿಯ ಮುಗಿಯದ ಚರ್ಚೆ

2019ರ ಏಪ್ರಿಲ್ 4ರಂದು ಬ್ರಿಟನ್ನಿನ ಸಂಸತ್ತು ಕೂರುವ ವೆಸ್ಟ್‌ಮಿನ್‌ಸ್ಟರ್ ಅರಮನೆಯಲ್ಲಿ, ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ತೆರಿಗೆಯ ಬಗ್ಗೆ ಚರ್ಚೆ ನಡೆಯುತ್ತಿತ್ತು. ಪತ್ರಕರ್ತರ ಗ್ಯಾಲರಿಯ ಮೇಲಿಂದ ನೀರು ಧೋ ಎಂದು ಸುರಿಯತೊಡಗಿ, ಕಲಾಪವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿನ ಸದಸ್ಯರಿಗೆ ಇದರಿಂದ ಆಶ್ಚರ್ಯವೇನೂ ಆಗಲಿಲ್ಲ. ಕಟ್ಟಡ ಕೆಟ್ಟಿದೆಯೆಂಬುದನ್ನು ಅವರೇ ವರ್ಷಗಟ್ಟಲೆ ಚರ್ಚಿಸಿದ್ದರು, ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಈ ಚಾಳಿ ಹಳೆಯದು. ಹಿಂದಿನ ಸಭಾಂಗಣ ಇಕ್ಕಟ್ಟು, ಗಾಳಿಯಾಡುವುದಿಲ್ಲ, ಹೊಸದು ಕಟ್ಟಿ ಎಂದು ಜೋಸೆಫ್ ಹ್ಯೂಮ್ ಎಂಬ ಸದಸ್ಯರು 1830ರ ದಶಕದ ಆರಂಭದಲ್ಲಿ ಪಟ್ಟು ಹಿಡಿದಿದ್ದರು. 1833ರಲ್ಲಿ ಸಮಿತಿಯೂ ಕೂತಿತು, ಆದರೆ ಏನೂ ಆಗಲಿಲ್ಲ. 1834ರ ಅಕ್ಟೋಬರ್ 16ರಂದು, ಖಜಾನೆಯವರು ಲೆಕ್ಕಕ್ಕೆ ಬಳಸುತ್ತಿದ್ದ ಗೀಟು ಕೊರೆದ ಹಳೇ ಮರದ ಕಡ್ಡಿಗಳನ್ನು ಮೇಲ್ಮನೆಯಾದ ಲಾರ್ಡ್ಸ್‌ನ ಸಭಾಂಗಣದ ಕೆಳಗಿನ ಒಲೆಗಳಿಗೆ ತುಂಬಿ ಸುಟ್ಟರು. ಸಂಜೆಯ ಹೊತ್ತಿಗೆ ಬೆಂಕಿ ಅರಮನೆಯನ್ನೇ ನುಂಗಿತು. ನೋಡಲು ನೆರೆದ ಜನರಲ್ಲಿ ಯಾರೋ, ಹ್ಯೂಮ್ ಅವರ ನಿರ್ಣಯ ಮತಕ್ಕೆ ಹಾಕದೆಯೇ ಪಾಸಾಯಿತು ಅಂದರಂತೆ.

ಹೊಸ ಕಟ್ಟಡದ ಹೊಣೆ ಚಾರ್ಲ್ಸ್ ಬ್ಯಾರಿ ಎಂಬ ವಾಸ್ತುಶಿಲ್ಪಿಗೆ ಬಂತು. ಅಂದಾಜು ಸುಮಾರು 7 ಲಕ್ಷ ಪೌಂಡ್, ಅವಧಿ 6 ವರ್ಷ. ಮುಗಿಯುವಷ್ಟರಲ್ಲಿ ಖರ್ಚು 20 ಲಕ್ಷ ದಾಟಿ, ಸುಮಾರು 30 ವರ್ಷ ಕಳೆದಿತ್ತು. 1860ರಲ್ಲಿ ಬ್ಯಾರಿ ತೀರಿಕೊಂಡಾಗಲೂ ಕೆಲಸ ಬಾಕಿಯಿತ್ತು. ಗಾಳಿಯಾಟದ ಹೊಣೆ ಹೊತ್ತಿದ್ದ ಡೇವಿಡ್ ಬಾಸ್ವೆಲ್ ರೀಡ್ ಜೊತೆ ಅವರ ಜಗಳ ಎರಡೂ ಸದನಗಳಲ್ಲಿ ಚರ್ಚೆಯಾಯಿತು. 1852ರಲ್ಲಿ ರೀಡ್ ಅವರನ್ನು ಕೆಲಸದಿಂದ ತೆಗೆದರು. ಆದರೆ ಗಾಳಿಗಾಗಿ ಕಟ್ಟಿದ ಸುರಂಗದಂಥ ನಾಳಗಳು ಕಟ್ಟಡದ ಉದ್ದಗಲಕ್ಕೂ ಉಳಿದವು. ಇವತ್ತು ಬೆಂಕಿ ಬಿದ್ದರೆ ಅದೇ ನಾಳಗಳು ಹೊಗೆಯನ್ನೂ ಜ್ವಾಲೆಯನ್ನೂ ಮೂಲೆಮೂಲೆಗೆ ಒಯ್ಯುತ್ತವೆ. ಅದಕ್ಕೇ ಅಲ್ಲಿ ಹಗಲೂ ರಾತ್ರಿ ಬೆಂಕಿ ಕಾವಲು.

1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬಿಗೆ ಕಾಮನ್ಸ್ ಸಭಾಂಗಣ ನಾಶವಾಯಿತು. 1943ರ ಅಕ್ಟೋಬರ್ 28ರ ಚರ್ಚೆಯಲ್ಲಿ ಚರ್ಚಿಲ್, ಎಲ್ಲ ಸದಸ್ಯರಿಗೂ ಆಸನ ಸಾಲದ ಅದೇ ಹಳೇ ಅಳತೆಯಲ್ಲೇ ಮತ್ತೆ ಕಟ್ಟಬೇಕೆಂದು ವಾದಿಸಿ ಗೆದ್ದರು. ಹೊಸ ಸಭಾಂಗಣ 1950ರಲ್ಲಿ ತೆರೆಯಿತು. ಉಳಿದ ಅರಮನೆಗೆ ಆಮೇಲೆ ಆದದ್ದೆಲ್ಲ ತೇಪೆ ಕೆಲಸ.

ನೆಲಮಾಳಿಗೆಗೆ ಇಳಿದರೆ ಇದರ ಫಲ ಕಣ್ಣಿಗೆ ಹೊಡೆಯುತ್ತದೆ. ಹಬೆಯ ಕೊಳವೆ, ಗ್ಯಾಸ್ ಪೈಪು, ವಿದ್ಯುತ್ ತಂತಿ, ನೀರಿನ ನಲ್ಲಿ ಎಲ್ಲವೂ ಒಂದರ ಮೇಲೊಂದು ಹೆಣೆದುಕೊಂಡಿವೆ. ಕೆಟ್ಟದ್ದನ್ನು ಕಿತ್ತು ತೆಗೆಯಲು ಜಾಗವಿಲ್ಲದೆ ಹೊಸದನ್ನು ಹಳೆಯದರ ಮೇಲೇ ಹಾಯಿಸಿದ್ದಾರೆ. ಎಲ್ಲೆಡೆ, ಧೂಳು ಉಸಿರಿಗೆ ಸೇರಿದರೆ ಅಪಾಯವಾಗುವ ಆಸ್ಬೆಸ್ಟಾಸ್ ಬೇರೆ.

2015ರಲ್ಲಿ ಲೆಕ್ಕ ಹಾಕಿಸಿದಾಗ ಎರಡೂ ಸದನಗಳು ಪೂರ್ತಿ ಖಾಲಿ ಮಾಡಿದರೆ ಸುಮಾರು 350 ಕೋಟಿ ಪೌಂಡ್, 6 ವರ್ಷ; ಅಲ್ಲೇ ಕೂತು ಮಾಡಿಸಿದರೆ ಸುಮಾರು 570 ಕೋಟಿ, 32 ವರ್ಷ ಎಂದು ಬಂತು. 2018ರ ಜನವರಿ 31ರಂದು ಕಾಮನ್ಸ್ 236-220 ಮತಗಳಿಂದ ಖಾಲಿ ಮಾಡುವ ಪರ ನಿಂತಿತು. ಮರುವರ್ಷ ಪ್ಯಾರಿಸ್ಸಿನ ನೋಟ್ರ ಡಾಮ್ ಚರ್ಚು ಹೊತ್ತಿ ಉರಿದದ್ದನ್ನು ಕಂಡವರಿಗೆ ಭಯವೂ ಹುಟ್ಟಿತು. ಅದೇ ವರ್ಷ ದುರಸ್ತಿಗೆಂದು ಕಾಯ್ದೆಯೂ ಆಯಿತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ 2022ರ ಅಂದಾಜು ಬೇರೆಯೇ ಆಗಿತ್ತು: ಖಾಲಿ ಮಾಡಿದರೆ 700ರಿಂದ 1,300 ಕೋಟಿ ಪೌಂಡ್, ಕಾಮನ್ಸ್ ಅಲ್ಲೇ ಉಳಿದರೆ 2,200 ಕೋಟಿಯವರೆಗೆ, 76 ವರ್ಷದವರೆಗೆ. ಮೊತ್ತ ನೋಡಿ ಗಾಬರಿಯಾದ ಸದನಗಳು, ಕೆಲಸ ನಡೆಸಲೆಂದು ತಾವೇ ಕಾಯ್ದೆ ಮಾಡಿ ಸ್ಥಾಪಿಸಿದ್ದ ಸ್ವತಂತ್ರ ಮಂಡಳಿಯನ್ನು ರದ್ದು ಮಾಡಿ, ಮತ್ತೆ ಆಯ್ಕೆಗಳ ಪಟ್ಟಿ ಮಾಡಲು ಕೂತವು.

ಸ್ವಂತಕ್ಕೆ ಅರಮನೆ ಕಟ್ಟಿಕೊಳ್ಳುತ್ತಾರೆಂದು ಮತದಾರ ದೂರಿಯಾನು ಎಂಬ ಅಳುಕು ನಿಜವೇ. ಆಸ್ಪತ್ರೆ, ಶಾಲೆಗಳಿಗೇ ದುಡ್ಡಿಲ್ಲದ ಕಾಲದಲ್ಲಿ ಅದನ್ನು ತಪ್ಪೆನ್ನಲಾಗದು. ಆದರೆ ಮುಂದೂಡಿದರೆ ದುಡ್ಡು ಉಳಿಯುತ್ತಿಲ್ಲ, ತೇಪೆಗೇ ವಾರಕ್ಕೆ 10 ಲಕ್ಷ ಪೌಂಡ್‌ಗೂ ಮೀರಿ ಹೋಗುತ್ತಿದೆ. ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವವರೂ ಮತ ಹಾಕುವ ಸದಸ್ಯರಲ್ಲ. 2021ರಲ್ಲಿ ಆಸ್ಬೆಸ್ಟಾಸ್ ಧೂಳು ಹರಡಿದಾಗ ಅದಕ್ಕೆ ಒಡ್ಡಿಕೊಂಡಿರಬಹುದಾದವರು 117 ಮಂದಿ ಎಂದು ಸಂಸತ್ತಿನ ಲೆಕ್ಕಪತ್ರ ಸಮಿತಿ 2023ರಲ್ಲಿ ಹೇಳಿತು. ಅವರೆಲ್ಲ ಅಲ್ಲಿ ದುಡಿಯುತ್ತಿದ್ದ ಗುತ್ತಿಗೆಯವರು ಮತ್ತು ಸಿಬ್ಬಂದಿ.